ಹುಣ್ಣಿಮೆಯ ಮೇಲಿನ ಭಾನುವಾರ



ದತ್ತಿ ಎಂಬ ಮಾತು ಶಿಕಾರಿಪುರ, ಸೊರಬದ ಈ ನೆಲಕ್ಕೆ ಹೊಸತಲ್ಲ. ಬಳ್ಳಿಗಾವಿಯ ಯಾವ ಶಾಸನಕಲ್ಲಿನ ಮುಂದೆ ನಿಂತರೂ ಹೊಗಳಿಕೆಯೆಲ್ಲ ಮುಗಿದ ಮೇಲೆ ಯಾರೋ ಯಾರಿಗೋ ಏನನ್ನೋ ಬಿಟ್ಟುಕೊಟ್ಟ ಲೆಕ್ಕ ಸಿಗುತ್ತದೆ. ಇಷ್ಟು ಗದ್ದೆ, ಇಷ್ಟು ತೋಟ, ಇಂಥ ಮಠದ ಊಟಕ್ಕೆ, ಇಂಥ ದೇವರ ದೀಪಕ್ಕೆ. ಕೊಟ್ಟದ್ದು ಯಾವ ದಿನ ಎಂಬುದನ್ನೂ ಮರೆಯದೆ ಕೆತ್ತಿಸಿದ್ದಾರೆ. ಗ್ರಹಣವೋ ಸಂಕ್ರಾಂತಿಯೋ ಹುಣ್ಣಿಮೆಯೋ ಒಂದು ಪರ್ವಕಾಲ ನೋಡಿ ಕೊಡುತ್ತಿದ್ದರು. ಇವತ್ತಿನ ದತ್ತಿ ಉಪನ್ಯಾಸಕ್ಕೆ ಕಾರ್ಯದರ್ಶಿಗಳು ನೋಡಿದ್ದು ಭಾನುವಾರ ಮತ್ತು ಸಭಾಭವನದ ಬಿಡುವು. ಇರಲಿ. ಆ ಪರ್ವ ಎಂಬ ಪದವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಂಡಿರಿ, ಮತ್ತೆ ಅಲ್ಲಿಗೇ ಬರುತ್ತೇನೆ.

ನಾನು ಮಾತಾಡಲು ಆರಿಸಿಕೊಂಡ ವಿಷಯ ಕೇಳಿ ಕೆಲವರು ಹುಬ್ಬೇರಿಸಿದರು. ಶಿಕಾರಿಪುರಕ್ಕೂ ಈಸ್ಟರಿಗೂ ಏನು ಸಂಬಂಧ? ಅಲ್ಲಮನ ಊರು, ಅಕ್ಕನ ಊರು ಬಿಟ್ಟು ಇವನಿಗೆ ಬೇರೆ ಸಿಗಲಿಲ್ಲವೇ? ಸಂಬಂಧ ಒಬ್ಬ ಹುಡುಗನಿಂದ ಬಂತು. ಸುಮಾರು ಮೂವತ್ತು ವರ್ಷದ ಹಿಂದೆ ಈ ಕಡೆಯ ಒಂದು ಹಳ್ಳಿಶಾಲೆಯಲ್ಲಿ ನಾನು ಮೇಷ್ಟ್ರು. ನಾಳೆ ಗುಡ್ ಫ್ರೈಡೇ, ರಜೆ ಎಂದು ಹೇಳಿದೆ. ಯಾಕೆ ರಜೆ ಎಂದರು. ಯೇಸುವನ್ನು ಶಿಲುಬೆಗೆ ಹಾಕಿದ ದಿನ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, “ಸತ್ತ್ ದಿನ ಅಂತೀರಿ ಸಾ, ಮತ್ತೆ ಗುಡ್ ಹೆಂಗಾತು?” ಅಂದ. ತರಗತಿ ನಕ್ಕಿತು. ನಾನೂ ನಕ್ಕು, ಕೂತ್ಕೋ ಅಂದೆ. ಮೇಷ್ಟ್ರು ಹಾಗೆ ನಗುವುದು ಉತ್ತರ ಗೊತ್ತಿಲ್ಲದಾಗ ಎಂದು ನಿಮಗೆ ಗೊತ್ತೇ ಇದೆ.

ಆ ಹುಡುಗನ ಪ್ರಶ್ನೆ ಚಿಲ್ಲರೆಯದಲ್ಲ. ಕನ್ನಡದ ಪತ್ರಿಕೆಗಳು ಅದನ್ನು “ಶುಭ ಶುಕ್ರವಾರ” ಎಂದು ಬರೆಯುತ್ತವೆ. ಗುಡ್ ಎಂದರೆ ಒಳ್ಳೆಯದು, ಒಳ್ಳೆಯದು ಎಂದರೆ ಶುಭ, ಲೆಕ್ಕ ಸರಿಯಾಯಿತಲ್ಲ! ಆದರೆ ನಮ್ಮ ಕಿವಿಯಲ್ಲಿ ಶುಭ ಎಂದೊಡನೆ ಮದುವೆಯ ಕರೆಯೋಲೆ ಕಾಣುತ್ತದೆ. ಸಾವಿನ ಮನೆಗೆ ಹೋಗಿಬಂದು ತಲೆಗೆ ನೀರು ಹಾಕಿಕೊಳ್ಳುವ ನಾಡಿನಲ್ಲಿ ಸಾವು ಶುಭ ಆದೀತೆ? ಈಗಂತೂ ವರ್ಷ ವರ್ಷ ವಾಟ್ಸಾಪಿನಲ್ಲಿ “ಶುಭ ಶುಕ್ರವಾರದ ಶುಭಾಶಯಗಳು” ಬಂದು ಬೀಳುತ್ತವೆ, ಹೂಗುಚ್ಛದ ಚಿತ್ರ ಸಮೇತ. ನಾನೂ ಒಮ್ಮೆ ಜೊತೆಯ ಮೇಷ್ಟ್ರೊಬ್ಬರಿಗೆ ಕೈಕುಲುಕಿ ಹಾಗೆ ಹೇಳಿದ್ದುಂಟು. ಅವರು ಬೆಳಗಿನಿಂದ ಉಪವಾಸ ಇದ್ದರು. ಮುಖ ಸಪ್ಪಗೆ ಮಾಡಿಕೊಳ್ಳದೆ, “ನಮ್ಮ ಮನೆಯಲ್ಲಿ ಸೂತಕ ಇದ್ದ ಹಾಗೆ ಇವತ್ತು” ಅಂದರು. ಆವತ್ತಿನ ಮುಜುಗರ ಈಗಲೂ ಇದೆ.

ಇಂಗ್ಲಿಷಿನ ಆ ಗುಡ್‌ಗೆ ಹಳೆಯ ಅರ್ಥ ಬೇರೆ. ದೇವರಿಗೆ ಮೀಸಲಾದ, ಪವಿತ್ರವಾಗಿ ಆಚರಿಸುವ ದಿನಕ್ಕೆ ಅವರು ಹಿಂದೆ ಗುಡ್ ಎನ್ನುತ್ತಿದ್ದರು. ಆ ಅರ್ಥ ಇಂಗ್ಲಿಷಿನಲ್ಲೇ ಸತ್ತುಹೋಗಿ ಈ ಒಂದು ಶುಕ್ರವಾರದಲ್ಲಿ ಪಳೆಯುಳಿಕೆಯಂತೆ ಉಳಿದಿದೆ. “ಗಾಡ್ಸ್ ಫ್ರೈಡೇ” ಸವೆದು ಗುಡ್ ಆಯಿತು ಎಂದು ಹೇಳುವವರಿದ್ದಾರೆ, ಆ ಮಾತಿಗೆ ಆಧಾರವಿಲ್ಲ. ಬೇರೆ ಭಾಷೆಗಳವರು ಹೆಚ್ಚು ನೇರವಾಗಿದ್ದಾರೆ. ಜರ್ಮನರು ಕಾರ್‌ಫ್ರೈಟಾಗ್ ಎನ್ನುತ್ತಾರೆ, ಆ ಕಾರ್ ಎಂದರೆ ಗೋಳಾಟ. ಡೆನ್ಮಾರ್ಕಿನವರಿಗೆ ಅದು ಉದ್ದದ ಶುಕ್ರವಾರ. ಉಪವಾಸ ಮಾಡಿದವರಿಗೆ ಹೊತ್ತು ಎಷ್ಟು ಉದ್ದ ಎಂಬುದು ಗೊತ್ತು. ಸ್ಪೇನಿನವರು ಪವಿತ್ರ ಶುಕ್ರವಾರ, ಗ್ರೀಕರು ಮಹಾ ಶುಕ್ರವಾರ ಎನ್ನುತ್ತಾರೆ. ತಮಿಳಿನವರದು ಪೆರಿಯ ವೆಳ್ಳಿ, ಪುನಿತ ವೆಳ್ಳಿ. ಮಲಯಾಳಿಗಳದು ದುಃಖವೆಳ್ಳಿ. ಈ ವೆಳ್ಳಿ ನಮ್ಮ ಬೆಳ್ಳಿಚುಕ್ಕಿಯ ಬೆಳ್ಳಿಯೇ, ಶುಕ್ರ. ಆ ಹುಡುಗ ಪಾಲಕ್ಕಾಡಿನಲ್ಲಿ ಹುಟ್ಟಿದ್ದರೆ ಎದ್ದು ನಿಂತು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಕನ್ನಡಕ್ಕೆ ಬೇರೆ ಪದ ಇರಲಿಲ್ಲವೇ? ಇತ್ತು. ತೀರಿಕೊಂಡವರ ದಿನಕ್ಕೆ ನಾವು ಪುಣ್ಯತಿಥಿ ಎನ್ನುತ್ತೇವೆ. ಪತ್ರಿಕೆಯ ಒಳಪುಟದಲ್ಲಿ ಚೌಕಟ್ಟು ಹಾಕಿ ಪುಣ್ಯಸ್ಮರಣೆ ಎಂದು ಪ್ರಕಟಿಸುತ್ತೇವೆ. ಸಾವು ಮತ್ತು ಪವಿತ್ರತೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಪದ ಅದು, ಇಂಗ್ಲಿಷಿನ ಹಳೆಯ ಗುಡ್ ಹೇಳುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ. ಪುಣ್ಯ ಶುಕ್ರವಾರ ಎಂದು ಯಾರಾದರೂ ಮೊದಲೇ ಅಂದುಬಿಟ್ಟಿದ್ದರೆ ನಾನು ಒಬ್ಬ ಹುಡುಗನನ್ನು ಸುಮ್ಮನೆ ಕೂರಿಸಬೇಕಾಗಿರಲಿಲ್ಲ. ಆದರೆ ಇನ್ನೊಬ್ಬರ ಮನೆಯ ಹಬ್ಬಕ್ಕೆ ಹೆಸರಿಡಲು ನಾನು ಯಾರು? ಇದು ಭಾಷೆಯ ಮೇಷ್ಟ್ರ ಹಳಹಳಿಕೆ, ಅಷ್ಟೆ.

ಇನ್ನು ಆ ಶುಕ್ರವಾರ ಕಳೆದು ಬರುವ ಭಾನುವಾರಕ್ಕೆ ಬರೋಣ. ಯೇಸು ಎದ್ದು ಬಂದ ಎಂದು ಕ್ರೈಸ್ತರು ನಂಬುವ ಈ ದಿನ ಕ್ರಿಸ್ಮಸ್ಸಿನ ಹಾಗೆ ತಾರೀಖಿಗೆ ಕಟ್ಟುಬಿದ್ದಿಲ್ಲ. ಒಂದು ವರ್ಷ ಮಾರ್ಚಿಯಲ್ಲಿ, ಇನ್ನೊಂದು ವರ್ಷ ಏಪ್ರಿಲಿನಲ್ಲಿ. ಯಾಕೆಂದರೆ ಅದು ಚಂದ್ರನ ಲೆಕ್ಕದ ಹಬ್ಬ. ಮಾರ್ಚಿ 21ರಂದು ಅಥವಾ ಅದರ ನಂತರ ಬೀಳುವ ಮೊದಲ ಹುಣ್ಣಿಮೆ ಯಾವುದೋ, ಆ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ಪಂಚಾಂಗ ತೆಗೆದು ನೋಡಿ, ಆ ಹುಣ್ಣಿಮೆ ನಮ್ಮಲ್ಲಿ ಹೋಳಿ ಹುಣ್ಣಿಮೆ ಆಗಿರುತ್ತದೆ, ಇಲ್ಲವೇ ದವನದ ಹುಣ್ಣಿಮೆ. ಚರ್ಚಿನವರು ಆಕಾಶ ನೋಡದೆ ಹಳೆಯ ಕೋಷ್ಟಕ ನೋಡುವುದರಿಂದ ಒಂದೆರಡು ದಿನ ಹಿಂದುಮುಂದಾಗಬಹುದು. 2024ರಲ್ಲಿ ಮಾರ್ಚಿ 25ಕ್ಕೆ ಹೋಳಿ ಹುಣ್ಣಿಮೆ, 31ಕ್ಕೆ ಈಸ್ಟರ್. 2022ರಲ್ಲಿ ಏಪ್ರಿಲ್ 16, ಶನಿವಾರ ದವನದ ಹುಣ್ಣಿಮೆ. ಮಾರನೆಯ ದಿನವೇ ಈಸ್ಟರ್.

ದವನದ ಹುಣ್ಣಿಮೆ ಎಂದರೆ ಈ ಸಭೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಕ್ಕಮಹಾದೇವಿಯ ಜಯಂತಿ. ಅವಳ ಊರು ಉಡುತಡಿ ಇರುವುದು ಈ ಶಿಕಾರಿಪುರ ತಾಲ್ಲೂಕಿನಲ್ಲೇ. 2022ರಲ್ಲಿ ಶನಿವಾರ ಇಲ್ಲಿ ಅಕ್ಕನ ಭಾವಚಿತ್ರಕ್ಕೆ ಹಾರ ಹಾಕಿದ ರಾತ್ರಿ ಮೇಲೆ ನಿಂತಿದ್ದ ಚಂದ್ರನೇ ಅಲ್ಲಿ ರೋಮಿನವರ ಭಾನುವಾರವನ್ನೂ ಗೊತ್ತುಮಾಡಿತ್ತು. ಸಂಬಂಧ ಏನು ಎಂದು ಕೇಳಿದವರಿಗೆ ಇದು ಸಾಕು ಎಂದುಕೊಳ್ಳುತ್ತೇನೆ.

ಈಗ ಪರ್ವ. ಸಂಸ್ಕೃತದಲ್ಲಿ ಪರ್ವ ಎಂದರೆ ಮೊದಲು ಗೆಣ್ಣು, ಬಿದಿರಿನ ಗೆಣ್ಣು, ಕಬ್ಬಿನ ಗೆಣ್ಣು, ಬೆರಳಿನ ಗೆಣ್ಣು. ಕಾಲಕ್ಕೂ ಗೆಣ್ಣುಗಳಿವೆ ಎಂದು ಭಾವಿಸಿ ಹುಣ್ಣಿಮೆ ಅಮಾವಾಸ್ಯೆಗಳನ್ನೂ ಪರ್ವ ಎಂದರು. ಅದು ಕನ್ನಡಕ್ಕೆ ಬಂದು ಪಬ್ಬವಾಯಿತು. ಹತ್ತನೆಯ ಶತಮಾನದ ಆಸುಪಾಸಿನಲ್ಲಿ ಕನ್ನಡದ ಬಾಯಿ ಪಕಾರವನ್ನು ಬಿಟ್ಟು ಹಕಾರಕ್ಕೆ ಹೊರಳತೊಡಗಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಬ್ಬ ಹಬ್ಬವಾಯಿತು. ತುಳುವರು ಇವತ್ತಿಗೂ ಪರ್ಬ ಎನ್ನುತ್ತಾರೆ. ಸೊರಬದವರು ಅಲ್ಲಿಗೂ ನಿಲ್ಲಲಿಲ್ಲ. ನಮ್ಮ ಕಡೆ ದೀಪಾವಳಿಗೆ ದೊಡ್ಡಬ್ಬ ಅಂತಾರೆ. ಪಕಾರ ಹೋಗಿ ಹಕಾರ ಬಂದದ್ದು ಸಾಲದೆಂದು ಆ ಹಕಾರವನ್ನೂ ನುಂಗಿಬಿಟ್ಟಿದ್ದೇವೆ. ಪರ್ವ, ಪಬ್ಬ, ಹಬ್ಬ, ಅಬ್ಬ. ಸಾವಿರ ವರ್ಷದ ಧ್ವನಿವ್ಯತ್ಯಾಸ ಒಬ್ಬ ಅಜ್ಜಿಯ ಬಾಯಲ್ಲಿದೆ, ನಾವು ಅದನ್ನು ಹಳ್ಳಿಭಾಷೆ ಎಂದು ತಿದ್ದುತ್ತೇವೆ.

ಹಬ್ಬ ಎಂಬ ನಮ್ಮ ಪದ ಚಂದ್ರನ ಗೆಣ್ಣಿನಿಂದ ಹುಟ್ಟಿದ್ದಾದರೆ ಈಸ್ಟರ್ ಶುದ್ಧವಾದ ಹಬ್ಬ. ಅದರ ಬೇರು ಯೆಹೂದ್ಯರ ಪೆಸಾಹ್‌ನಲ್ಲಿದೆ, ಅದೂ ನೀಸಾನ್ ಎಂಬ ಅವರ ತಿಂಗಳ ಹುಣ್ಣಿಮೆಯದೇ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಸಾವಿನ ದೂತ ಇಸ್ರೇಲರ ಮನೆಗಳನ್ನು ಮುಟ್ಟದೆ ದಾಟಿಹೋದ ಕತೆ ಬೈಬಲಿನ ವಿಮೋಚನಕಾಂಡದಲ್ಲಿದೆ. ಆ ದಾಟುವಿಕೆಯೇ ಪೆಸಾಹ್. ಯೇಸುವಿನ ಕಾಲದ ಜನ ಆಡುತ್ತಿದ್ದ ಅರಾಮಿಕ್ ನುಡಿಯಲ್ಲಿ ಅದು ಪಸ್ಹಾ, ಗ್ರೀಕರ ಬಾಯಲ್ಲಿ ಪಾಸ್ಖಾ, ಲ್ಯಾಟಿನಿನಲ್ಲೂ ಅದೇ. ಅಲ್ಲಿಂದ ಫ್ರೆಂಚರ ಪಾಕ್, ಇಟಲಿಯವರ ಪಾಸ್ಕ್ವಾ, ಸ್ಪೇನಿನವರ ಪಾಸ್ಕುವಾ, ಪೋರ್ಚುಗೀಸರ ಪಾಶ್ಕೋವ, ರಷ್ಯನ್ನರ ಪಾಸ್ಖ, ಸ್ವೀಡನ್ನಿನವರ ಪೋಸ್ಕ್. ಯುರೋಪಿನ ಬಹುಪಾಲು ಜನಕ್ಕೆ ಈ ಹಬ್ಬದ ಹೆಸರು ಈಸ್ಟರ್ ಅಲ್ಲವೇ ಅಲ್ಲ.

ಇವರಲ್ಲಿ ನನಗೆ ಅಚ್ಚುಮೆಚ್ಚು ಐರಿಷರು. ಆ ಹೆಸರು ಅವರ ದ್ವೀಪ ಮುಟ್ಟಿದಾಗ ಅವರ ಭಾಷೆಯಲ್ಲಿ ಪಕಾರವೇ ಇರಲಿಲ್ಲ. ಕೇಳಿದ ಪಕಾರವನ್ನೆಲ್ಲ ಕಕಾರ ಮಾಡಿಕೊಂಡರು. ಪಾಸ್ಖಾ ಅವರಲ್ಲಿ ಕಾಶ್ಕ್ ಎಂಬಂತಾಯಿತು, ಇವತ್ತಿಗೂ ಹಾಗೇ ಇದೆ. ಪಕ್ಕದ ವೇಲ್ಸಿನವರು ಪಾಸ್ಗ್ ಎಂದು ಪಕಾರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಒಂದು ವೇಳೆ ಕದಂಬರ ಕಾಲದಲ್ಲಿ, ತಾಳಗುಂದ ಇನ್ನೂ ಸ್ಥಾಣಕುಂದೂರಾಗಿದ್ದಾಗ, ಆ ಪದ ಕನ್ನಡಕ್ಕೆ ಬಂದು ಬಳಕೆಯಲ್ಲಿ ಸವೆದಿದ್ದರೆ ನಾವೀಗ ಹಸ್ಕ ಎನ್ನುತ್ತಿದ್ದೆವು. ಬಂದದ್ದು ತಡವಾಗಿ, ಪಕಾರ ಹಕಾರವಾಗುವ ಗಾಳಿ ನಿಂತ ಮೇಲೆ. ಹಾಗಾಗಿ ಕನ್ನಡ ಬೈಬಲಿನಲ್ಲಿ ಪಸ್ಕಹಬ್ಬ ಎಂದಿದೆ. ಆ ಸಮಾಸವನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಿ. ಪಸ್ಕದಲ್ಲಿ ಪಕಾರ ನಿಂತಿದೆ, ಪಬ್ಬದ್ದು ಹೊರಟುಹೋಗಿದೆ. ಹಳೆಯ ಸಾಲ ಹೊಸ ಸಾಲ ಎರಡೂ ಒಂದೇ ಪದದಲ್ಲಿ ಪಕ್ಕಪಕ್ಕ ಕೂತಿವೆ.

ಈ ಪದಕ್ಕೆ ಹುಸಿ ವ್ಯುತ್ಪತ್ತಿಯೂ ಅಂಟಿಕೊಂಡಿತು. ಎರಡನೆಯ ಶತಮಾನದಲ್ಲಿ ಸಾರ್ದಿಸ್ ಎಂಬ ಊರಿನ ಬಿಷಪ್ ಮೆಲಿಟೋ ಈ ಹಬ್ಬದ ಮೇಲೆ ಒಂದು ಉಪದೇಶ ಬರೆದ. ಗ್ರೀಕಿನಲ್ಲಿ ಪಾಸ್ಖೇನ್ ಎಂದರೆ ನರಳು. ಯೇಸು ನರಳಿದ, ಆದ್ದರಿಂದ ಪಾಸ್ಖಾ ಎಂದ. ಎಷ್ಟು ಚೆನ್ನಾಗಿ ಹೊಂದುತ್ತದೆ! ಹೊಂದುವುದೇ ಅದರ ದೋಷ. ಮುಂದೆ ಆಗಸ್ಟೀನ್ ಇದು ಗ್ರೀಕಲ್ಲ, ಹೀಬ್ರೂ, ಅರ್ಥ ದಾಟುವುದು ಎಂದು ತಿದ್ದಿದ. ನಾವೇನು ಕಡಿಮೆಯೇ? ಸೊರಬ ಎಂದರೆ ಸುರಭಿ ಎಂಬ ಹಸುವಿನಿಂದ ಬಂತು ಎಂದು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಕೇಳಿದವರಿಗೆ ಹೇಳಿಯೂ ಇದ್ದೇನೆ. ದಂಡಾವತಿ ಹೊಳೆಯ ದಂಡೆಯಲ್ಲಿ ನಿಂತು ಹೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಊರಿನ ಹೆಸರಿಗೊಂದು ಹಸು, ಹಬ್ಬದ ಹೆಸರಿಗೊಂದು ನರಳಾಟ. ಜನಕ್ಕೆ ಕತೆ ಬೇಕು, ಪದ ಎಲ್ಲಿಂದ ಬಂದರೇನು. ಶಿಕಾರಿಪುರದವರಿಗೆ ಈ ಗೊಂದಲ ಇಲ್ಲ. ಪಾರಸಿಯ ಶಿಕಾರಿ, ಸಂಸ್ಕೃತದ ಪುರ, ಜೋಡಣೆಯ ಗೆರೆ ಎದ್ದು ಕಾಣುತ್ತದೆ.

ಹಾಗಾದರೆ ಈಸ್ಟರ್ ಎಲ್ಲಿಂದ ಬಂತು? ಇಂಗ್ಲೆಂಡಿನ ಉತ್ತರದಲ್ಲಿ ಜಾರೋ ಎಂಬಲ್ಲಿ ಬೀಡ್ ಎಂಬ ಸನ್ಯಾಸಿ ಇದ್ದ. ಕಾಲಗಣನೆಯ ಮೇಲೆ 725ರಲ್ಲಿ ಅವನು ಬರೆದ ಲ್ಯಾಟಿನ್ ಗ್ರಂಥದಲ್ಲಿ ತನ್ನ ಜನ ಹಿಂದೆ ತಿಂಗಳುಗಳನ್ನು ಏನೆಂದು ಕರೆಯುತ್ತಿದ್ದರು ಎಂದು ಒಂದು ಅಧ್ಯಾಯವಿದೆ. ಈಗ ಪಾಸ್ಖಾ ಬೀಳುವ ತಿಂಗಳಿಗೆ ಹಿಂದೆ ಈಸ್ಟ್ರೆ ಎಂಬ ದೇವಿಯ ಹೆಸರಿತ್ತು, ಹೊಸ ಹಬ್ಬಕ್ಕೆ ಜನ ಹಳೆಯ ಹೆಸರನ್ನೇ ಹಿಡಿದರು ಎನ್ನುತ್ತಾನೆ. ಆ ದೇವಿಯ ಬಗ್ಗೆ ಲಿಖಿತ ಸಾಕ್ಷಿ ಇರುವುದು ಇವನೊಬ್ಬನದೇ. ಇವನು ಊಹಿಸಿ ಬರೆದ ಎಂದು ಎಷ್ಟೋ ವಿದ್ವಾಂಸರು ಪಕ್ಕಕ್ಕಿಟ್ಟಿದ್ದರು. 1958ರಲ್ಲಿ ಜರ್ಮನಿಯ ಮೋರ್ಕೆನ್-ಹಾರ್ಫ್ ಬಳಿ ರೋಮನ್ ಕಾಲದ ನೂರೈವತ್ತಕ್ಕೂ ಹೆಚ್ಚು ಹರಕೆಕಲ್ಲುಗಳು ಸಿಕ್ಕವು. ಆಸ್ಟ್ರಿಯಾಹೇನೇ ಎಂಬ ತಾಯಂದಿರಿಗೆ ಒಪ್ಪಿಸಿದ ಕಲ್ಲುಗಳು. ಹೆಸರಿನ ಬುಡ ಅದೇ ತೆರನದು. ಅಲ್ಲಿಂದೀಚೆಗೆ ಬೀಡನನ್ನು ಸುಳ್ಳ ಎನ್ನುವವರು ಸ್ವಲ್ಪ ಮೆತ್ತಗಾಗಿದ್ದಾರೆ. ಶಾಸನಗಳ ನಾಡಿನವರಾದ ನಮಗೆ ಕಲ್ಲಿನ ಮಾತಿನ ತೂಕ ಗೊತ್ತು.

ಈಸ್ಟ್ರೆ ಎಂಬುದರ ಹಿಂದಿರುವುದು ಬೆಳಕು ಹರಿಯುವ ಅರ್ಥದ ಧಾತು. ಮೂಡಣಕ್ಕೆ ಇಂಗ್ಲಿಷರು ಈಸ್ಟ್ ಎನ್ನುವುದೂ ಅದರಿಂದಲೇ. ಗ್ರೀಕರ ಈಓಸ್, ರೋಮನರ ಅರೋರಾ, ನಮ್ಮ ಋಗ್ವೇದದ ಉಷಸ್ಸು ಎಲ್ಲರೂ ಒಂದೇ ಮನೆಯ ಅಕ್ಕತಂಗಿಯರು. ನಿಮ್ಮ ಬೀದಿಯಲ್ಲೊಬ್ಬಳು ಉಷಾ ಇದ್ದರೆ ಅವಳು ಈಸ್ಟರಿನ ದಾಯಾದಿ. ಕನ್ನಡ ಬೇರೆ ಕುಲದ ಭಾಷೆಯಾದರೂ ಯೋಚಿಸಿದ್ದು ಹೀಗೆಯೇ. ಸೂರ್ಯ ಮೂಡುವ ಕಡೆ ಮೂಡಣ. ಎದ್ದು ಬಂದವನ ಹಬ್ಬಕ್ಕೆ ಮೂಡುವ ದಿಕ್ಕಿನ ಹೆಸರು ಬಂದದ್ದು ಅಕಸ್ಮಾತ್, ಆದರೆ ಕೆಟ್ಟ ಅಕಸ್ಮಾತ್ ಅಲ್ಲ.

ಇಲ್ಲೇ ಒಂದು ಮಾತು. ಈಸ್ಟರ್ ಎಂದರೆ ಬ್ಯಾಬಿಲೋನಿನ ಇಶ್ತಾರ್ ದೇವಿ, ಇದನ್ನು ಮುಚ್ಚಿಟ್ಟಿದ್ದಾರೆ ಎಂದು ಪ್ರತಿವರ್ಷ ಮೊಬೈಲಿಗೆ ಬರುತ್ತದೆ. ಅದನ್ನು ಹಬ್ಬಿಸಿದ್ದು ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಹಿಸ್ಲಪ್, ಪೋಪರ ಮೇಲಿನ ಸಿಟ್ಟಿಗೆ. ಎರಡು ಹೆಸರು ಒಂದೇ ತರ ಕೇಳಿಸುತ್ತವೆ ಎಂಬುದಷ್ಟೇ ಅವನ ಆಧಾರ. ಹಾಗೆ ಕೇಳಿಸುವುದೇ ಸಾಕಾದರೆ ಹಾನಗಲ್ಲಿನಲ್ಲಿ ಹಾನಿ ಹುಡುಕಬೇಕಾದೀತು. ಈ ಹಬ್ಬವನ್ನು ಇಂಗ್ಲಿಷರು, ಜರ್ಮನರು ಬಿಟ್ಟರೆ ಯುರೋಪಿನಲ್ಲಿ ಹೆಚ್ಚಿನವರು ಆ ತರದ ಹೆಸರಿನಿಂದ ಕರೆಯುವುದೇ ಇಲ್ಲ ಎಂಬ ಒಂದೇ ಸಂಗತಿ ಆ ವಾದವನ್ನು ಮುಗಿಸುತ್ತದೆ.

ಪಂಡಿತರ ದಾರಿ ಬಿಟ್ಟು ಹೊಟ್ಟೆಯ ದಾರಿಯಲ್ಲಿ ಹೆಸರಿಟ್ಟವರೂ ಇದ್ದಾರೆ. ಹಂಗೆರಿಯವರು ಈ ಹಬ್ಬಕ್ಕೆ ಹೂಶ್ವೇಟ್ ಎನ್ನುತ್ತಾರೆ, ಅಂದರೆ ಬಾಡು ತೆಗೆದುಕೊಳ್ಳುವುದು. ನಲವತ್ತು ದಿನ ಮಾಂಸ ಬಿಟ್ಟು ಆವತ್ತು ತಿನ್ನುತ್ತಾರೆ. ಎಸ್ತೋನಿಯಾದವರ ಒಂದು ಹೆಸರಿಗೂ ಅದೇ ಅರ್ಥ. ನಮ್ಮಲ್ಲಿ ಹಬ್ಬದ ಮಾರನೆಯ ದಿನ ಕರಿ. ಕರಿ ಎಂದರೆ ಏನು ಎಂದು ಯಾರೂ ವಿವರಿಸುವುದಿಲ್ಲ, ಮಸಾಲೆ ಅರೆಯುವ ವಾಸನೆಯೇ ಹೇಳುತ್ತದೆ. ಕರಿಯ ದಿನವನ್ನೇ ಹಬ್ಬದ ಹೆಸರು ಮಾಡಿಕೊಂಡವರು ಹಂಗೆರಿಯವರು ಅಂದುಕೊಳ್ಳಿ. ಫಿನ್ಲೆಂಡಿನವರದು ಪಾಸಿಯೈನೆನ್, ಬಿಡುಗಡೆ. ಉಪವಾಸದಿಂದ ಬಿಡುಗಡೆ ಎಂದೇ ಹೆಚ್ಚಿನವರ ಅಭಿಪ್ರಾಯ. ಪೋಲೆಂಡಿನವರು ದೊಡ್ಡ ರಾತ್ರಿ ಎನ್ನುತ್ತಾರೆ, ಬಲ್ಗೇರಿಯಾದವರು, ಉಕ್ರೇನಿನವರು ದೊಡ್ಡ ದಿನ ಎನ್ನುತ್ತಾರೆ. ಇತ್ತ ಹಿಂದಿಯಲ್ಲಿ ಬಡಾ ದಿನ್ ಎಂದರೆ ಕ್ರಿಸ್ಮಸ್. ಸೊರಬದಲ್ಲಿ ದೊಡ್ಡಬ್ಬ ಎಂದರೆ ದೀಪಾವಳಿ. ದೊಡ್ಡದು ಯಾವುದು ಎಂಬುದನ್ನು ಪುರಾಣ ನೋಡಿ ಯಾರೂ ತೀರ್ಮಾನಿಸಿಲ್ಲ. ಆ ಊರಿನವರು ಯಾವ ದಿನಕ್ಕೆ ಮಗಳು ಅಳಿಯನನ್ನು ಕರೆಸುತ್ತಾರೋ, ಯಾವ ದಿನಕ್ಕೆ ಹೋರಿಗೆ ಕೊಬ್ಬರಿಹಾರ ಕಟ್ಟುತ್ತಾರೋ ಅದು ದೊಡ್ಡದು.

ಹೆಸರು ಜಾಗ ಬದಲಿಸಿದ್ದಕ್ಕೆ ಫಿಲಿಪೀನ್ಸಿನವರು ಒಳ್ಳೆಯ ಉದಾಹರಣೆ. ಸ್ಪೇನಿನವರು ಕೊಟ್ಟ ಪಾಸ್ಕುವಾ ಅಲ್ಲಿ ಪಾಸ್ಕೋ ಆಗಿ ಕ್ರಿಸ್ಮಸ್ಸಿಗೆ ಅಂಟಿಕೊಂಡಿತು. ಸ್ಪೇನಿನಲ್ಲಿ ಆ ಪದವನ್ನು ಯಾವ ದೊಡ್ಡ ಹಬ್ಬಕ್ಕಾದರೂ ಬಳಸುತ್ತಿದ್ದರು. ಕ್ರಿಸ್ಮಸ್ಸಿನ ಹೆಸರುಗಳದೇ ಬೇರೆ ಒಂದು ಉಪನ್ಯಾಸವಾಗುತ್ತದೆ. ಇಲ್ಲಿಗೆ ಬೇಕಾದಷ್ಟು ಹೇಳುತ್ತೇನೆ. ಲ್ಯಾಟಿನಿನಲ್ಲಿ ಹುಟ್ಟಿದ ದಿನಕ್ಕೆ ನತಾಲಿಸ್. ಅದು ಪೋರ್ಚುಗೀಸರಲ್ಲಿ ನತಾಲ್. ಅವರ ಹಡಗು ಮುಟ್ಟಿದ ಕಡೆಯೆಲ್ಲ ಆ ಹೆಸರು ಇಳಿಯಿತು. ಮಂಗಳೂರಿನ ಕೊಂಕಣಿಯಲ್ಲಿ ನತಾಲಾಂ, ಮರಾಠಿಯಲ್ಲಿ ನಾತಾಳ್, ಸಿಂಹಳದಲ್ಲಿ ನತ್ತಲ್, ಶ್ರೀಲಂಕೆಯ ತಮಿಳಿನಲ್ಲಿ ನತ್ತಾರ್. ಕನ್ನಡದ ಕಥೋಲಿಕರು ಕ್ರಿಸ್ತ ಜಯಂತಿ ಎಂದೂ ಅನ್ನುತ್ತಾರೆ. ಬಸವ ಜಯಂತಿ, ಅಕ್ಕಮಹಾದೇವಿ ಜಯಂತಿಗಳ ಸಾಲಿನಲ್ಲಿ ನೆಟ್ಟಗೆ ಹೋಗಿ ಕೂರುವ ಹೆಸರು. ಅದನ್ನು ಮೊದಲು ಅಂದವರು ಯಾರೋ, ಕನ್ನಡ ಬಲ್ಲವರು.

ಈ ಹೆಸರುಗಳು ನಮ್ಮ ಸೀಮೆಗೆ ಬಂದ ದಾರಿಗಳನ್ನು ಈಗ ನೋಡೋಣ. ಒಂದು ದಾರಿ ಘಟ್ಟದ್ದು. ಸೊರಬ, ಶಿಕಾರಿಪುರ ಕೆಳದಿ ಅರಸರ ಕೈಯಲ್ಲಿದ್ದ ಕಾಲದಲ್ಲಿ ಕರಾವಳಿಯ ಬಂದರುಗಳೂ ಅವರವೇ, ಅಲ್ಲಿ ಮೆಣಸು ಕೊಳ್ಳುವ ಪೋರ್ಚುಗೀಸರು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಘಟ್ಟ ಹತ್ತಿ ಇಕ್ಕೇರಿಗೆ ಬಂದ, ವೆಂಕಟಪ್ಪ ನಾಯಕನ ಕಾಲ. ಇಕ್ಕೇರಿಯ ಬೀದಿಗಳಲ್ಲಿ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಹಾಡಿಕೊಂಡು ಕುಣಿದದ್ದನ್ನು ಕಂಡು ಪತ್ರದಲ್ಲಿ ಬರೆದ. ಪಾಸ್ಕ್ವಾ ಎಂಬ ಹೆಸರನ್ನು ತಾಯಿಯಿಂದ ಕಲಿತ ಒಬ್ಬ ಮನುಷ್ಯ ನಮ್ಮ ಪಕ್ಕದ ತಾಲ್ಲೂಕಿನಲ್ಲಿ ನಿಂತು ನಮ್ಮ ಹಬ್ಬವೊಂದನ್ನು ಕಣ್ತುಂಬ ನೋಡಿದ್ದ. ಕರಾವಳಿಯ ಕೊಂಕಣಿ ಕ್ರೈಸ್ತರು ಆ ಮೇಲಿನ ಕಾಲದಲ್ಲಿ ಅಡಿಕೆ, ಕಾಫಿ, ಅಂಗಡಿ, ಮೇಷ್ಟ್ರಗಿರಿ ಎಂದು ಮಲೆನಾಡಿನ ಊರೂರಿಗೆ ಬಂದರು. ಅವರ ಮನೆಯ ಒಳಮಾತಿನಲ್ಲಿ ಇವತ್ತಿಗೂ ಇದು ಪಾಸ್ಕಾಂಚೆಂ ಫೆಸ್ತ್. ಪಾಸ್ಕವೂ ಪೋರ್ಚುಗೀಸು, ಫೆಸ್ತೂ ಪೋರ್ಚುಗೀಸು, ನಡುವಿನ ವಿಭಕ್ತಿ ಮಾತ್ರ ಕೊಂಕಣಿ.

ಎರಡನೆಯ ದಾರಿ ಬಳ್ಳಾರಿಯದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದ. ಪೂರ್ತಿ ಬೈಬಲ್ ಮುಗಿದದ್ದು 1831ರಲ್ಲಿ. ಈ ಅನುವಾದಕರ ಪರಂಪರೆಗೆ ಬೇಕಾದದ್ದು ಮೂಲದ ಹತ್ತಿರದ ಪದ. ಹಾಗಾಗಿ ಪಸ್ಕ ನಿಂತಿತು. ಅದರ ಜೊತೆಗೇ ಬರುವ ಇನ್ನೊಂದು ಹಬ್ಬಕ್ಕೆ “ಹುಳಿಯಿಲ್ಲದ ರೊಟ್ಟಿಗಳ ಹಬ್ಬ” ಎಂದು ಕನ್ನಡ ಮಾಡಿದ್ದಾರೆ. ನನ್ನ ತಾಯಿಗೆ ಒಮ್ಮೆ ಇದನ್ನು ಓದಿ ಹೇಳಿದೆ. “ರೊಟ್ಟಿಗೆ ಯಾರು ಹುಳಿ ಹಾಕ್ತಾರೋ?” ಅಂದಳು. ಸರಿ ತಾನೆ? ಸೊರಬದ ಅಕ್ಕಿರೊಟ್ಟಿಯಾಗಲಿ ಮೂಡಲಸೀಮೆಯ ಜೋಳದ ರೊಟ್ಟಿಯಾಗಲಿ ಹುಳಿ ಬರಿಸಿ ಮಾಡುವುದಲ್ಲ. ಐಗುಪ್ತದಿಂದ ಓಡುವ ಅವಸರದಲ್ಲಿ ಯೆಹೂದ್ಯರು ತಟ್ಟಿಕೊಂಡದ್ದು ನಮ್ಮ ಹೆಂಗಸರು ದಿನಾ ತಟ್ಟುವಂಥದ್ದನ್ನೇ.

ಮೂರನೆಯ ದಾರಿ ಕೇರಳದ್ದು, ಎಲ್ಲಕ್ಕಿಂತ ಹೊಸತು ಮತ್ತು ಎಲ್ಲಕ್ಕಿಂತ ಹಳೆಯದು. ಶುಂಠಿ ಹಾಕಲು ನಮ್ಮ ಎರಡೂ ತಾಲ್ಲೂಕುಗಳಲ್ಲಿ ಹೊಲ ಗುತ್ತಿಗೆ ಹಿಡಿದ ಮಲಯಾಳಿಗಳನ್ನು ನೀವೆಲ್ಲ ಕಂಡಿದ್ದೀರಿ. ಅವರಲ್ಲಿ ಸಿರಿಯನ್ ಕ್ರೈಸ್ತರೂ ಇದ್ದಾರೆ. ಗುಡ್ ಫ್ರೈಡೇಯ ಹಿಂದಿನ ದಿನ ಅವರಿಗೆ ಪೆಸಹಾ ವ್ಯಾಳಂ, ಪೆಸಹಾ ಗುರುವಾರ. ಆವತ್ತು ಸಂಜೆ ಅಕ್ಕಿ ಉದ್ದು ಅರೆದು, ಹುಳಿ ಬರಿಸದೆ, ಅಪ್ಪ ಬೇಯಿಸುತ್ತಾರೆ. ಗರಿಗಳ ಭಾನುವಾರ ಚರ್ಚಿನಿಂದ ತಂದ ತೆಂಗಿನ ಎಳೆಗರಿಯನ್ನು ಶಿಲುಬೆಯ ಹಾಗೆ ಅದರ ಮೇಲಿಡುತ್ತಾರೆ. ಮನೆಯ ಹಿರಿಯ ಪ್ರಾರ್ಥನೆ ಮಾಡಿ ಮುರಿದು ಎಲ್ಲರ ಕೈಗೆ ಹಂಚುತ್ತಾನೆ, ಅದ್ದಿಕೊಳ್ಳಲು ಬೆಲ್ಲ ಹಾಕಿದ ತೆಂಗಿನಹಾಲು. ಈ ಪೆಸಹಾ ಗ್ರೀಕರ ಬಾಯಿಗೂ ರೋಮಿನವರ ಬಾಯಿಗೂ ಬೀಳದೆ ಅರಾಮಿಕ್ಕಿನದೇ ಒಂದು ಉಪಭಾಷೆಯಾದ ಸಿರಿಯಾಕ್‌ನಿಂದ ನೇರವಾಗಿ ಕೇರಳಕ್ಕೆ ಬಂದ ಪದ. ಯೇಸು ಆ ಹಬ್ಬವನ್ನು ಏನೆಂದು ಕರೆದಿದ್ದನೋ ಅದಕ್ಕೆ ತೀರ ಹತ್ತಿರದ ಉಚ್ಚಾರ ಇವತ್ತು ನಮ್ಮ ಶುಂಠಿ ಹೊಲದ ಶೆಡ್ಡುಗಳಲ್ಲಿ ಕೇಳಿಸುತ್ತದೆ.

ನಾಲ್ಕನೆಯದು ಸರ್ಕಾರಿ ರಜೆಪಟ್ಟಿಯ ದಾರಿ, ಇಂಗ್ಲಿಷಿನ ಈಸ್ಟರ್. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪುನರುತ್ಥಾನದ ಹಬ್ಬ ಎಂಬ ಸಂಸ್ಕೃತದ ಹೆಸರೂ ಇದೆ, ಅಚ್ಚಿನಲ್ಲಿ ಚೆನ್ನ, ಬಾಯಿಗೆ ಭಾರ.

ಒಂದನ್ನು ಹೇಳದೆ ಇರಲಾರೆ. ಈ ಹಬ್ಬಕ್ಕೆ ಮುಂಚಿನ ಉಪವಾಸಕಾಲವನ್ನು ಕನ್ನಡ ಕಥೋಲಿಕರು ತಪಸ್ಸುಕಾಲ ಎನ್ನುತ್ತಾರೆ. ಅದು ಶುರುವಾಗುವ ಬುಧವಾರ ಹಣೆಗೆ ಬೂದಿ ಇಡುತ್ತಾರೆ. ಹಿಂದಿನ ವರ್ಷದ ಗರಿಗಳನ್ನು ಸುಟ್ಟ ಬೂದಿ ಅದು. ಆ ಬುಧವಾರಕ್ಕೆ ಮಲಯಾಳದಲ್ಲಿ ವಿಭೂತಿ ಬುಧನ್, ತಮಿಳಿನಲ್ಲಿ ತಿರುನೀಟ್ರು ಪುದನ್ ಎಂದು ಹೆಸರು. ತಿರುನೀರು ಎಂದರೆ ವಿಭೂತಿಯೇ. ಶಿವಭಕ್ತರ ಹಣೆಯ ಪದವನ್ನು ಎತ್ತಿಕೊಂಡು ಹೋಗಿ ಚರ್ಚಿನ ಪಂಚಾಂಗದಲ್ಲಿ ಇಟ್ಟಿದ್ದಾರೆ. ಅಲ್ಲಮ ಹುಟ್ಟಿದ ಬಳ್ಳಿಗಾವಿಯ ಪಕ್ಕದಲ್ಲಿ ಕೂತು ಇದನ್ನು ಕೇಳಿದಾಗ ನನಗೆ ರೋಮಾಂಚನವೇನೂ ಆಗಲಿಲ್ಲ, ನೆಮ್ಮದಿ ಆಯಿತು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ಗುಡಿಗಳಿದ್ದವು ಎಂದು ಶಾಸನ ಬರೆಸಿಕೊಂಡ ಊರು ಬಳ್ಳಿಗಾವಿ. ಪದಗಳು ಆ ಐದು ಗುಡಿಗಳ ನಡುವೆ ಬೇಲಿ ನೋಡಿಕೊಂಡು ಓಡಾಡಿರಲಾರವು.

ಬೇರೆಯವರ ಹಬ್ಬದ ಹೆಸರು ಹುಡುಕುತ್ತ ಹೋದವನಿಗೆ ಕೊನೆಗೆ ಎದುರಾದದ್ದು ನನ್ನ ಮನೆಯ ಬುಟ್ಟಿ. ಸೀಗೆ ಹುಣ್ಣಿಮೆ ಎಂದು ಬಯಲುಸೀಮೆಯವರು ಕರೆಯುವ ದಿನ ಸೊರಬದಲ್ಲಿ ಭೂಮಿ ಹುಣ್ಣಿಮೆ. ತುಂಬಿದ ಗದ್ದೆಗೆ ಬಸುರಿಯ ಬಯಕೆ ತೀರಿಸುವ ಹಬ್ಬ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಚರಗ ಹೊತ್ತು ಬೆಳಗಿನ ಜಾವ ಗದ್ದೆಗೆ ಹೋಗುತ್ತಾರೆ. ಆ ಬುಟ್ಟಿಗೆ ಭೂಮಣ್ಣಿ ಬುಟ್ಟಿ ಎನ್ನುತ್ತಾರೆ. ಭೂಮಣ್ಣಿ ಎಂದರೇನು ಎಂದು ನನ್ನನ್ನು ಚಿಕ್ಕಂದಿನಲ್ಲಿ ಕೇಳಿದ್ದರೆ ಮಣ್ಣಿನದ್ದು ಏನೋ ಎನ್ನುತ್ತಿದ್ದೆ. ಭೂಮಿ ಹುಣ್ಣಿಮೆ ಭೂಮುಣ್ಣಿಮೆಯಾಗಿ, ಸವೆದು, ಭೂಮಣ್ಣಿ ಆಗಿದೆ. ಪಾಸ್ಖಾ ಕಾಶ್ಕ್ ಆದದ್ದಕ್ಕೆ ಬೆರಗಾದವನು ನಮ್ಮವ್ವನ ಬಾಯಲ್ಲಿ ಹುಣ್ಣಿಮೆ ಅಣ್ಣಿ ಆದದ್ದನ್ನು ಐವತ್ತು ವರ್ಷ ಗಮನಿಸಿರಲಿಲ್ಲ.

ಸಭೆಯಲ್ಲಿ ಮೇಷ್ಟ್ರುಗಳು ಬಹಳ ಜನ ಇದ್ದೀರಿ. ಒಂದು ಕೆಲಸ ಮಾಡಿ. ನಿಮ್ಮ ಶಾಲೆಯ ಮಕ್ಕಳಿಗೆ ಒಂದು ಹಾಳೆ ಕೊಡಿ. ಮನೆಯಲ್ಲಿ ಅಜ್ಜಿ, ಅವ್ವ ಯಾವ ಹಬ್ಬಕ್ಕೆ ಏನೆಂದು ಅನ್ನುತ್ತಾರೋ ಅದನ್ನು ಹಾಗೇ ಬರೆದು ತರಲಿ. ಲಂಬಾಣಿ ತಾಂಡಾದ ಮಗು ತನ್ನದನ್ನು, ಕೊಂಕಣಿ ಮನೆಯ ಮಗು ತನ್ನದನ್ನು, ಉರ್ದು ಮನೆಯದು ತನ್ನದನ್ನು, ಶುಂಠಿ ಶೆಡ್ಡಿನ ಮಗು ತನ್ನದನ್ನು. ತಿದ್ದಬೇಡಿ. ಹಕಾರ ಬಿಟ್ಟಿದ್ದರೆ ಬಿಟ್ಟಿರಲಿ. ಬಂದ ಹಾಳೆಗಳನ್ನು ಈ ದತ್ತಿಯ ಕಾರ್ಯದರ್ಶಿಗಳಿಗೆ ತಲುಪಿಸಿ, ಅವರು ಒಂದು ದಪ್ಪ ಪುಸ್ತಕ ತಂದಿಟ್ಟಿದ್ದಾರೆ. ಮೊದಲ ಸಾಲನ್ನು ಇವತ್ತು ಬೆಳಿಗ್ಗೆ ನಾನೇ ಬರೆದುಕೊಟ್ಟೆ: ಭೂಮಣ್ಣಿ, ಸೊರಬ, ಹೇಳಿದವರು ನಮ್ಮವ್ವ.